ಮೂರು ದಿನ, ಮೂರು ತಾಲ್ಲೂಕು: ಕೊಳ್ಳೇಗಾಲ ಸೀಮೆಗೆ ಮೊದಲ ಪ್ರವಾಸ

ಚಾಮರಾಜನಗರ ಜಿಲ್ಲೆಯ ಕೊಳ್ಳೇಗಾಲ, ಹನೂರು ಹಾಗೂ ಯಳಂದೂರು ತಾಲ್ಲೂಕುಗಳು ಬೆಂಗಳೂರು, ಮೈಸೂರು ನಗರವಾಸಿಗಳಿಗೆ ಒಂದು ವಾರಾಂತ್ಯದ ದೂರದಲ್ಲಿವೆ. ಎರಡು ಬೆಟ್ಟ, ಒಂದು ಜಲಪಾತ, ಎರಡು ವನ್ಯಧಾಮ, ರೇಷ್ಮೆಗೆ ಹೆಸರಾದ ಪಟ್ಟಣ, ಟಿಬೆಟನ್ನರ ವಸಾಹತು ಎಲ್ಲವೂ ಇಲ್ಲಿ ಅಕ್ಕಪಕ್ಕದಲ್ಲೇ ಇರುವಂತೆ ಭೂಪಟದಲ್ಲಿ ಕಾಣುತ್ತವೆ. ಮೊದಲ ಸಲ ಬರುವವರು ಎಡವುವುದು ಇಲ್ಲಿಯೇ. ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಬೆಟ್ಟಗಳನ್ನು ಒಂದೇ ದಿನದಲ್ಲಿ ಮುಗಿಸುವ ಉತ್ಸಾಹದಲ್ಲಿ ಹೊರಟವರು ದಿನದ ಬಹುಪಾಲನ್ನು ವಾಹನದಲ್ಲೇ ಕಳೆದು, ಕತ್ತಲಾದ ಮೇಲೆ ಆನೆ ಓಡಾಡುವ ತಿರುವುಗಳಲ್ಲಿ ಸಿಲುಕುತ್ತಾರೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲು ಯಳಂದೂರಿಗಿಳಿದು, ಕೊಳ್ಳೇಗಾಲ, ಹನೂರು ದಾಟಿ ಮತ್ತೆ ಘಟ್ಟ ಹತ್ತಬೇಕು. ಈ ದಾರಿ ಸುಮಾರು 120 ಕಿ.ಮೀ.

ಆದ್ದರಿಂದ ಈ ಸೀಮೆಯ ಪ್ರವಾಸಕ್ಕೆ ಮೊದಲ ನಿಯಮ: ದಿನಕ್ಕೊಂದು ಬೆಟ್ಟ, ಸೂರ್ಯಾಸ್ತಕ್ಕೆ ಮುನ್ನ ತಂಗುವ ತಾಣ.

ನೆಲದ ಹಿನ್ನೆಲೆ

ಟಿಪ್ಪು ಸುಲ್ತಾನನ ಪತನಾನಂತರ ಬ್ರಿಟಿಷರ ವಶವಾದ ಕೊಳ್ಳೇಗಾಲ, ಮದರಾಸು ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಅದು ಮೈಸೂರು ರಾಜ್ಯಕ್ಕೆ ಸೇರಿತು. ಪಕ್ಕದ ಯಳಂದೂರಿನ ಚರಿತ್ರೆ ಬೇರೆಯೇ. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ದೊರೆತ ಊರು ಅದು. 1997ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಜಿಲ್ಲೆ ರಚನೆಯಾಯಿತು. ಕೊಳ್ಳೇಗಾಲದ ಭಾಗವಾಗಿದ್ದ ಹನೂರು ಪ್ರತ್ಯೇಕ ತಾಲ್ಲೂಕಾದದ್ದು ಈಚೆಗೆ.

ತಲುಪುವುದು ಹೇಗೆ?

ಕೊಳ್ಳೇಗಾಲಕ್ಕೆ ರೈಲು ಸಂಪರ್ಕವಿಲ್ಲ. ಬೆಂಗಳೂರಿನಿಂದ ಕನಕಪುರ, ಮಳವಳ್ಳಿ ಮಾರ್ಗವಾಗಿ ಸುಮಾರು 140 ಕಿ.ಮೀ., ಮೈಸೂರಿನಿಂದ ಸುಮಾರು 60 ಕಿ.ಮೀ. ದೂರ. ಎರಡೂ ಕಡೆಯಿಂದ ಸಾರಿಗೆ ಸಂಸ್ಥೆಯ ಬಸ್ಸುಗಳಿವೆ. ಮಹದೇಶ್ವರ ಬೆಟ್ಟಕ್ಕೆ ಬಸ್ಸುಗಳಿಗೆ ಕೊರತೆಯಿಲ್ಲ. ಬಿಳಿಗಿರಿರಂಗನ ಬೆಟ್ಟಕ್ಕೆ ಮಾತ್ರ ಕಡಿಮೆ. ಬಸ್ಸಿನಲ್ಲಿ ಹೋಗುವವರು ಬೆಟ್ಟ ಹತ್ತುವ ಮೊದಲೇ ಮರಳುವ ಕೊನೆಯ ಬಸ್ಸಿನ ವೇಳೆಯನ್ನು ಕೇಳಿಟ್ಟುಕೊಳ್ಳಬೇಕು.

ಮೊದಲ ದಿನ: ಯಳಂದೂರು, ಬಿಳಿಗಿರಿರಂಗನ ಬೆಟ್ಟ

ಬೆಳಿಗ್ಗೆ ಆರಕ್ಕೆ ಬೆಂಗಳೂರು ಬಿಟ್ಟರೆ ಉಪಾಹಾರ ಮುಗಿಸಿಕೊಂಡು ಹತ್ತರ ಸುಮಾರಿಗೆ ಯಳಂದೂರು ಸೇರಬಹುದು. ಇಲ್ಲಿನ ಗೌರೀಶ್ವರ ದೇವಾಲಯದ ಮಹಾದ್ವಾರವೇ ‘ಬಳೆ ಮಂಟಪ’. ಕಲ್ಲಿನಲ್ಲಿ ಕಡೆದ ಬಳೆಗಳ ಸರಪಳಿಯಿಂದ ಈ ಹೆಸರು ಬಂದಿದೆ. ಗೋಡೆಗಳ ಮೇಲಿನ ಶಿಲ್ಪಗಳನ್ನು ನಿಧಾನವಾಗಿ ನೋಡಲು ಒಂದು ಗಂಟೆ ಬೇಕು. ‘ಹದಿಬದೆಯ ಧರ್ಮ’ ರಚಿಸಿದ ಸಂಚಿ ಹೊನ್ನಮ್ಮನೂ ಇದೇ ಊರಿನವಳು.

ಯಳಂದೂರಿನಿಂದ ಬೆಟ್ಟಕ್ಕೆ ಸುಮಾರು 24 ಕಿ.ಮೀ. ಸುಮಾರು ಐದು ಸಾವಿರ ಅಡಿ ಎತ್ತರದಲ್ಲಿ, ಬಂಡೆಯ ನೆತ್ತಿಯ ಮೇಲೆ ರಂಗನಾಥನ ಗುಡಿ ಇದೆ. ಕಾಡಿನ ಮೂಲನಿವಾಸಿಗಳಾದ ಸೋಲಿಗರ ಹೆಣ್ಣು ಕುಸುಮಾಲೆಯನ್ನು ರಂಗನಾಥ ವರಿಸಿದನೆಂಬ ಐತಿಹ್ಯವಿರುವುದರಿಂದ ಸೋಲಿಗರಿಗೆ ಆತ ‘ಭಾವ’. ದೇವರ ದೊಡ್ಡ ಗಾತ್ರದ ಪಾದುಕೆಯನ್ನು ಭಕ್ತರು ತಲೆಗೆ ಮುಟ್ಟಿಸಿಕೊಳ್ಳುವುದು ಇಲ್ಲಿನ ವಾಡಿಕೆ. ಸೋಲಿಗರು ಪೂಜಿಸುವ ದೊಡ್ಡ ಸಂಪಿಗೆ ಮರವೂ ಇದೇ ಕಾಡಿನಲ್ಲಿದೆ.

1974ರಲ್ಲಿ ವನ್ಯಧಾಮವಾದ ಈ ಅರಣ್ಯ 2011ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಅರಣ್ಯ ಹಕ್ಕು ಕಾಯ್ದೆಯಡಿ ಸೋಲಿಗರ ಸಮುದಾಯ ಹಕ್ಕುಗಳಿಗೆ ಮನ್ನಣೆ ದೊರೆಯಿತು. ಹುಲಿ ಸಂರಕ್ಷಿತ ಪ್ರದೇಶವೊಂದರೊಳಗೆ ಇಂಥ ಹಕ್ಕು ಸಿಕ್ಕದ್ದು ದೇಶದಲ್ಲೇ ಮೊದಲು. ಡಾ. ಎಚ್. ಸುದರ್ಶನ್ 1981ರಲ್ಲಿ ಸ್ಥಾಪಿಸಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಬೆಟ್ಟದ ಮೇಲಿದೆ. ಸೋಲಿಗರ ಪೋಡುಗಳು ಪ್ರದರ್ಶನದ ವಸ್ತುಗಳಲ್ಲ. ಅವು ವಾಸದ ಊರುಗಳು. ಕೇಳದೆ ಒಳಹೊಕ್ಕು ಛಾಯಾಚಿತ್ರ ತೆಗೆಯುವುದು ಸಲ್ಲದು.

ಸಂಜೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್ ಮುಚ್ಚುವುದರಿಂದ ನಾಲ್ಕಕ್ಕೆಲ್ಲ ಇಳಿಯಲಾರಂಭಿಸಿ ಕೊಳ್ಳೇಗಾಲದಲ್ಲಿ ತಂಗುವುದು ಸೂಕ್ತ. ಕ್ಯಾತೇದೇವರಗುಡಿಯಲ್ಲಿ ಸಫಾರಿ ಮಾಡಬೇಕೆನ್ನುವವರು ಅಲ್ಲಿಯೇ ಒಂದು ರಾತ್ರಿ ಉಳಿಯಬೇಕಾಗುತ್ತದೆ. ಅಂಥವರು ಮಹದೇಶ್ವರ ಬೆಟ್ಟವನ್ನು ಮುಂದಿನ ಪ್ರವಾಸಕ್ಕೆ ಬಿಡುವುದೇ ಮೇಲು.

ಎರಡನೆಯ ದಿನ: ಒಡೆಯರಪಾಳ್ಯ, ಹನೂರು, ಮಹದೇಶ್ವರ ಬೆಟ್ಟ

ಕೊಳ್ಳೇಗಾಲದಿಂದ ಲೊಕ್ಕನಹಳ್ಳಿ ಮಾರ್ಗವಾಗಿ ಹೋದರೆ ಒಡೆಯರಪಾಳ್ಯದ ಬಳಿ ಧೋಂಡೆನ್‌ಲಿಂಗ್ ಟಿಬೆಟನ್ ವಸಾಹತು ಸಿಗುತ್ತದೆ. ಬೈಲುಕುಪ್ಪೆ, ಮುಂಡಗೋಡುಗಳ ಬಳಿಕ, 1970ರ ದಶಕದಲ್ಲಿ ನೆಲೆಗೊಂಡ ವಸಾಹತು ಇದು. ಇಲ್ಲಿ ಬೈಲುಕುಪ್ಪೆಯ ಜನಜಂಗುಳಿ ಇಲ್ಲ. ಮುಸುಕಿನ ಜೋಳದ ಹೊಲಗಳು, ಬಣ್ಣದ ಪ್ರಾರ್ಥನಾ ಪತಾಕೆಗಳು, ಹಿನ್ನೆಲೆಯಲ್ಲಿ ಬೆಟ್ಟಸಾಲು. 1992ರಲ್ಲಿ ದಲೈ ಲಾಮಾ ಉದ್ಘಾಟಿಸಿದ ಜೋಗ್‌ಚೆನ್ ಬೌದ್ಧವಿಹಾರ ಇಲ್ಲಿನ ಮುಖ್ಯ ಆಕರ್ಷಣೆ. ವಿಹಾರವನ್ನು ಬಲಕ್ಕೆ ಇರಿಸಿಕೊಂಡು ಪ್ರದಕ್ಷಿಣೆ ಹಾಕುವುದು, ಪ್ರಾರ್ಥನೆಯ ವೇಳೆ ಮೌನವಾಗಿರುವುದು ಅತಿಥಿಗಳ ಕರ್ತವ್ಯ. ಭಾರತೀಯರಿಗೆ ಅನುಮತಿಪತ್ರ ಬೇಕಿಲ್ಲ. ಜೊತೆಯಲ್ಲಿ ವಿದೇಶಿ ಪೌರತ್ವದ ಬಂಧುಗಳಿದ್ದರೆ, ಟಿಬೆಟನ್ ವಸಾಹತುಗಳಿಗೆ ಅನ್ವಯಿಸುವ ಕೇಂದ್ರ ಗೃಹ ಇಲಾಖೆಯ ಅನುಮತಿಯನ್ನು ಬಹಳ ಮುಂಚಿತವಾಗಿ ಪಡೆಯಬೇಕು.

ಮಧ್ಯಾಹ್ನದ ಹೊತ್ತಿಗೆ ಹನೂರು ಸೇರಿ, ಕೌದಳ್ಳಿ ದಾಟಿದರೆ ತಾಳುಬೆಟ್ಟ. ಅಲ್ಲಿಂದ ಘಟ್ಟದ ಏರು ಆರಂಭ. ಕೊಳ್ಳೇಗಾಲದಿಂದ ನೇರವಾಗಿ ಬಂದರೂ ಮಹದೇಶ್ವರ ಬೆಟ್ಟ ಸುಮಾರು 80 ಕಿ.ಮೀ. ದೂರ. ಎಪ್ಪತ್ತೇಳು ಮಲೆಗಳ ಒಡೆಯನೆಂದು ಖ್ಯಾತನಾದ ಹುಲಿವಾಹನ ಮಾದಪ್ಪನ ಈ ಕ್ಷೇತ್ರದಲ್ಲಿ ಬೇಡಗಂಪಣರು ಅರ್ಚಕರು. ಕಂಸಾಳೆ ಹಿಡಿದ ದೇವರಗುಡ್ಡರ ಹಾಡಿನಲ್ಲಿ ಮಾದಪ್ಪನ ಕಥೆ ಇಂದಿಗೂ ಜೀವಂತ. 108 ಅಡಿ ಎತ್ತರದ ಮಹದೇಶ್ವರ ಪ್ರತಿಮೆ 2023ರ ಮಾರ್ಚ್‌ನಲ್ಲಿ ಅನಾವರಣಗೊಂಡಿತು. ರಾತ್ರಿ ಬೆಟ್ಟದಲ್ಲೇ ತಂಗಬೇಕು. ಕ್ಷೇತ್ರಾಭಿವೃದ್ಧಿ ಪ್ರಾಧಿಕಾರದ ಕೊಠಡಿಗಳನ್ನು ಮುಂಗಡವಾಗಿ ಕಾಯ್ದಿರಿಸುವುದು ಕ್ಷೇಮ.

ಬೆಟ್ಟದ ಸುತ್ತಲಿನ ಕಾಡು 2013ರಲ್ಲಿ ವನ್ಯಧಾಮವಾಗಿ ಘೋಷಿತವಾಯಿತು. 2025ರ ಜೂನ್‌ನಲ್ಲಿ ಇದರ ಹೂಗ್ಯಂ ವಲಯದಲ್ಲಿ ವಿಷಪ್ರಾಶನದಿಂದ ತಾಯಿ ಹುಲಿ ಮತ್ತು ನಾಲ್ಕು ಮರಿಗಳು ಸತ್ತದ್ದು ರಾಜ್ಯವನ್ನೇ ತಲ್ಲಣಗೊಳಿಸಿತು. ದನ ಕಾಯುವವರಿಗೂ ಕಾಡುಪ್ರಾಣಿಗೂ ನಡುವಣ ಇಕ್ಕಟ್ಟು ಇಲ್ಲಿ ನಿತ್ಯದ ಸಂಗತಿ. ಘಟ್ಟದ ತಿರುವುಗಳಲ್ಲಿ ವಾಹನ ನಿಲ್ಲಿಸಿ ಊಟ ಮಾಡುವುದು, ಕೋತಿಗಳಿಗೆ ತಿಂಡಿ ಎಸೆಯುವುದು, ಪ್ಲಾಸ್ಟಿಕ್ ಬಿಸಾಡುವುದು ಈ ಇಕ್ಕಟ್ಟನ್ನು ಹೆಚ್ಚಿಸುತ್ತವೆ.

ಮೂರನೆಯ ದಿನ: ಭರಚುಕ್ಕಿ, ಮರಳುವ ದಾರಿ

ಮುಂಜಾನೆ ದರ್ಶನ ಮುಗಿಸಿ ಇಳಿದರೆ ಮಧ್ಯಾಹ್ನದ ಊಟಕ್ಕೆ ಕೊಳ್ಳೇಗಾಲ. ರೇಷ್ಮೆ ಸೀರೆ ಕೊಳ್ಳುವವರು ಈ ಹೊತ್ತನ್ನು ಬಳಸಿಕೊಳ್ಳಬಹುದು. ಇಲ್ಲಿನ ದೇವಾಂಗ ನೇಕಾರರ ಕಸುಬು ತಲೆಮಾರುಗಳದು. ಅನಂತರ ಸತ್ತೇಗಾಲದ ಮೂಲಕ ಶಿವನಸಮುದ್ರಕ್ಕೆ ತಿರುಗಬೇಕು. ಇಲ್ಲಿ ಕಾವೇರಿ ಎರಡು ಕವಲಾಗಿ ಧುಮುಕುತ್ತದೆ. ಭರಚುಕ್ಕಿ ಕೊಳ್ಳೇಗಾಲ ತಾಲ್ಲೂಕಿನಲ್ಲಿದ್ದರೆ ಗಗನಚುಕ್ಕಿ ಮಳವಳ್ಳಿ ತಾಲ್ಲೂಕಿನಲ್ಲಿದೆ. ಶ್ರೀರಂಗಪಟ್ಟಣದ ಆದಿರಂಗ, ಶ್ರೀರಂಗದ ಅಂತ್ಯರಂಗಗಳ ನಡುವಣ ಮಧ್ಯರಂಗನ ಗುಡಿ ಈ ದ್ವೀಪದಲ್ಲಿದೆ. 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹರಿದದ್ದು ಇಲ್ಲಿಂದಲೇ. ನೀರು ಶಾಂತವಾಗಿ ಕಂಡರೂ ಸುಳಿ ಹಾಗೂ ಜಾರುವ ಬಂಡೆಗಳು ಪ್ರಾಣಾಪಾಯ ತಂದಾವು. ನೋಡುವ ಕಟ್ಟೆ ದಾಟಿ ನೀರಿಗಿಳಿಯಬಾರದು. ನಾಲ್ಕಕ್ಕೆ ಹೊರಟರೆ ರಾತ್ರಿ ಊಟದ ವೇಳೆಗೆ ಬೆಂಗಳೂರು.

ಎರಡೇ ದಿನವಿದ್ದರೆ?

ಆಗ ಒಂದು ಬೆಟ್ಟವನ್ನು ಕೈಬಿಡಬೇಕು. ಕಾಡು, ತಂಪು, ನಿಶ್ಶಬ್ದ ಬೇಕೆನ್ನುವವರಿಗೆ ಯಳಂದೂರು, ಬಿಳಿಗಿರಿರಂಗನ ಬೆಟ್ಟ ಹಾಗೂ ಭರಚುಕ್ಕಿ. ಹರಕೆ, ಜನಪದ, ಜಾತ್ರೆಯ ಒಲವಿನವರಿಗೆ ಹನೂರು, ಮಹದೇಶ್ವರ ಬೆಟ್ಟ ಹಾಗೂ ಒಡೆಯರಪಾಳ್ಯ. ವೃದ್ಧರು, ಮಕ್ಕಳು ಜೊತೆಯಲ್ಲಿದ್ದರೆ ಮೊದಲನೆಯದೇ ಹಗುರ.

ಯಾವಾಗ ಹೋಗಬೇಕು?

ಭರಚುಕ್ಕಿಯ ಪೂರ್ಣ ವೈಭವ ಜುಲೈನಿಂದ ಅಕ್ಟೋಬರ್‌ವರೆಗೆ, ಮೇಲಿನ ಅಣೆಕಟ್ಟುಗಳಿಂದ ನೀರು ಬಿಟ್ಟಾಗ. ಬೇಸಿಗೆಯಲ್ಲಿ ಧಾರೆ ಸೊರಗುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗೆ ಬೆಟ್ಟಗಳು ಹಿತಕರ. ಉಣ್ಣೆಯ ಹೊದಿಕೆ ಅಗತ್ಯ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭೀತಿಯಿಂದ ಕಾಡಿನ ಪ್ರವೇಶಕ್ಕೆ ನಿರ್ಬಂಧ ಬರಬಹುದು.

ಮಹದೇಶ್ವರ ಬೆಟ್ಟದಲ್ಲಿ ಅಮಾವಾಸ್ಯೆಗಳಂದು, ಮಹಾಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ಭಕ್ತಸಾಗರವೇ ಸೇರುತ್ತದೆ. ದೀಪಾವಳಿಯ ಹಾಲರವಿ ಉತ್ಸವದಲ್ಲಿ 101 ಬೇಡಗಂಪಣ ಬಾಲೆಯರು ಹಳ್ಳದಿಂದ ನೀರು ತರುವ ದೃಶ್ಯ ಅಪೂರ್ವವಾದರೂ, ಆ ದಿನ ಕೊಠಡಿ ಸಿಗುವ ಭರವಸೆ ಇಲ್ಲದೆ ಹೋಗಬಾರದು. ಜನವರಿಯ ಹುಣ್ಣಿಮೆಯ ಆಸುಪಾಸಿನಲ್ಲಿ ಚಿಕ್ಕಲ್ಲೂರಿನ ಸಿದ್ದಪ್ಪಾಜಿ ಜಾತ್ರೆ ಐದು ದಿನ ನಡೆಯುತ್ತದೆ. ಆಗ ಕೊಳ್ಳೇಗಾಲದ ಬಸ್ಸುಗಳೂ ವಸತಿಗೃಹಗಳೂ ತುಂಬಿರುತ್ತವೆ. ದಿನಾಂಕ ಗೊತ್ತುಮಾಡುವ ಮುನ್ನ ಪಂಚಾಂಗವನ್ನೊಮ್ಮೆ ನೋಡಿಕೊಳ್ಳಬೇಕು.

ನೆನಪಿರಲಿ

* ಬೆಟ್ಟದ ಮೇಲೆ ಇಂಧನ ಸಿಗುವುದೆಂದು ನಂಬಬಾರದು. ಕೊಳ್ಳೇಗಾಲದಲ್ಲೇ ತುಂಬಿಸಿಕೊಳ್ಳಬೇಕು.
* ಕಾಡಿನ ದಾರಿಯಲ್ಲಿ ಮೊಬೈಲ್ ಸಂಪರ್ಕ ಕಡಿದುಹೋಗಬಹುದು. ತಂಗುವ ಸ್ಥಳದ ವಿವರ ಮನೆಯವರಿಗೆ ಮೊದಲೇ ತಿಳಿಸಿರಬೇಕು.
* ಆನೆ ಎದುರಾದರೆ ದೂರದಲ್ಲೇ ನಿಲ್ಲಬೇಕು. ಹಾರ್ನ್ ಬಾರಿಸುವುದು, ಕೆಳಗಿಳಿಯುವುದು ಕೂಡದು.
* ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಕಡ್ಡಾಯ.
* ನಗದು ಹಣ, ನಿತ್ಯದ ಔಷಧಿ, ಕುಡಿಯುವ ನೀರಿನ ಸ್ಟೀಲ್ ಬಾಟಲಿ ಜೊತೆಗಿರಲಿ.