ಲೆಕ್ಕಕ್ಕೆ ಸಿಗದ ಕಣ್ಣುಗಳು

ದೀಪದ ಬೆಳಕಿಗೆ ಕೂಸಿನ ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ ನಮ್ಮ ಕಡೆ ಏನಂತಾರೆ? ದೃಷ್ಟಿ ತಾಗಿದೆ ಅಂತಾರೆ. ಇಲ್ಲವೇ, ಸೋದರಮಾವನಿಗೆ ಕೊಟ್ಟಿದ್ದೇ ತಪ್ಪು ಅಂತಾರೆ. ಅದು ಕಣ್ಣಿನ ಕ್ಯಾನ್ಸರ್ ಇರಬಹುದು, ರೆಟಿನೋಬ್ಲಾಸ್ಟೋಮಾ.

1809ರಲ್ಲೇ ಸ್ಕಾಟ್ಲೆಂಡಿನ ಸರ್ಜನ್ ಜೇಮ್ಸ್ ವಾರ್ಡ್ರಾಪ್, ಬೇಗ ಕಣ್ಣು ತೆಗೆದರೆ ಜೀವ ಉಳಿದೀತು ಎಂದಿದ್ದರು. ಅರಿವಳಿಕೆಯೇ ಇಲ್ಲದ ಕಾಲ, ನೆನಪಿರಲಿ! 1971ರಲ್ಲಿ ಅಮೆರಿಕದ ಆಲ್‌ಫ್ರೆಡ್ ನುಡ್ಸನ್ 48 ರೋಗಿಗಳ ದಾಖಲೆ ಇಟ್ಟುಕೊಂಡು ಲೆಕ್ಕ ಹಾಕಿದರು: ಒಂದೇ ಜೀವಕೋಶಕ್ಕೆ ಎರಡು ಪೆಟ್ಟು ಬಿದ್ದರೆ ಈ ರೋಗ. ಮೊದಲ ಪೆಟ್ಟು ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ. ಅದಕ್ಕೆ ಅಪ್ಪ ಅಥವಾ ಅಮ್ಮ, ಒಬ್ಬರ ಕಡೆಯ ದೋಷ ಸಾಕು. ಎಷ್ಟೋ ಸಲ ಇಬ್ಬರಲ್ಲೂ ಇರುವುದಿಲ್ಲ, ಮಗುವಿನಲ್ಲೇ ಹೊಸದಾಗಿ ಹುಟ್ಟುತ್ತದೆ. ಸೋದರಿಕೆ ಮದುವೆಯಿಂದ ಬೇರೆ ಕಾಯಿಲೆ ಬರಬಹುದು. ಇದಕ್ಕೆ ಅದನ್ನು ಹೊಣೆ ಮಾಡಿ ತಾಯಿಯನ್ನು ಬೈಯುವುದು ಅನ್ಯಾಯ.

ಪ್ರಪಂಚದ ಎಲ್ಲೆಡೆ ಸುಮಾರು 15,000ದಿಂದ 20,000 ಮಕ್ಕಳಿಗೆ ಒಂದು ಮಗುವಿಗೆ ಇದು ಬರುತ್ತದೆ. ಭಾರತದಲ್ಲಿ ವರ್ಷಕ್ಕೆ ಸುಮಾರು 1,500 ಅಂತ ಅಂದಾಜು. ಅಂದಾಜು ಯಾಕೆ? 1980ರ ದಶಕದ ಆರಂಭದಲ್ಲಿ ಕಿದ್ವಾಯಿಯಲ್ಲಿ ಶುರುವಾದ ಜನಸಂಖ್ಯಾ ಕ್ಯಾನ್ಸರ್ ನೋಂದಣಿಯ ಗಡಿ ಬೆಂಗಳೂರು ನಗರ. ಮುಳಬಾಗಿಲಿನ ಮಗು ಅಲ್ಲಿಗೆ ಬಂದರೆ ಚಿಕಿತ್ಸೆ ಸಿಗುತ್ತದೆ, ಆಸ್ಪತ್ರೆಯ ಪುಸ್ತಕದಲ್ಲಿ ಹೆಸರೂ ಇರುತ್ತದೆ. ನಗರದ ದರಕ್ಕೆ ಅದು ಸೇರುವುದಿಲ್ಲ. ಶ್ರೀನಿವಾಸಪುರದ ಹಳ್ಳಿಯಲ್ಲೇ ತೀರಿಕೊಂಡ ಮಗು? ಯಾವ ಪುಸ್ತಕದಲ್ಲೂ ಇಲ್ಲ.

ಶ್ರೀಮಂತ ದೇಶಗಳಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಕ್ಕಳು ಬದುಕುತ್ತಾರೆ. ಅಲ್ಲಿ ಬೇಗ ಪತ್ತೆಯಾಗುತ್ತದೆ, ಅಷ್ಟೇ. ಕೋಲಾರದಲ್ಲೋ ಮಾಲೂರಿನಲ್ಲೋ ಲಸಿಕೆಗೆ ಬಂದ ಕೂಸಿನ ಕಣ್ಣಿಗೆ ಟಾರ್ಚ್ ಬಿಟ್ಟು ನೋಡೋಕೆ ಎಷ್ಟು ಹೊತ್ತು ಬೇಕು ಸ್ವಾಮಿ?