ಮೊದಲು ಮಾಡು, ಆಮೇಲೆ ಎ.ಸಿ.

1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದರು. ಮತಾಂತರವಾಗಿ ಕುಲಕಸುಬು ಕಳೆದುಕೊಂಡವರಿಗೆ ಕೆಲಸ ಕೊಡಬೇಕಿತ್ತು. ಮುಳಿಹುಲ್ಲಿನ ಮನೆಗಳ ಊರಿಗೆ ಮಳೆ ತಡೆಯುವ, ಬೆಂಕಿಗೆ ಹೆದರದ ಮಾಡು ಬೇಕಿತ್ತು. ಅಚ್ಚುಕೂಟದ ಯಂತ್ರಗಳನ್ನು ಬಲ್ಲ ಜಾರ್ಜ್ ಪ್ಲೆಬ್ಸ್ಟ್ ಆ ಕೆಲಸಕ್ಕೆ ನಿಂತರು. ನೇತ್ರಾವತಿ, ಗುರುಪುರ ಹೊಳೆಗಳ ದಡದ ಆವೆಮಣ್ಣು ದೋಣಿಯಲ್ಲಿ ಬಂತು. ಕೆಲವೇ ವರ್ಷಗಳಲ್ಲಿ ಊರವರೂ ಕಾರ್ಖಾನೆ ಹಾಕಿದರು. ಮುಂಬೈ, ಬರ್ಮಾ, ಪೂರ್ವ ಆಫ್ರಿಕಾದವರೆಗೂ ಮಂಗಳೂರು ಹಂಚು ಹಡಗು ಹತ್ತಿ ಹೋಯಿತು.

ನನ್ನ ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗೂಡಿಗೆ ಬೆಂಕಿ ಹಾಕುತ್ತಿದ್ದವರು. ನಾನು ಎ.ಸಿ. ಕೂರಿಸುವವನು. ಹಾಗಾಗಿ ಈ ಚರಿತ್ರೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಸೆಕೆಯ ಸಂಗತಿ.

ಹಂಚಿನ ಮಾಡು ಇಳಿಜಾರು, ಎತ್ತರ. ಪಕ್ಕಾಸಿನ ಮೇಲೆ ರೀಪು, ರೀಪಿನ ಮೇಲೆ ಹಂಚು. ಒಂದರ ಅಂಚು ಇನ್ನೊಂದರ ಕಾಲುವೆಯಲ್ಲಿ ಕೂರುತ್ತದೆ. ನೀರು ಒಳಗಿಳಿಯದು, ಆದರೆ ಮೇಲೇರಿದ ಬಿಸಿಗಾಳಿ ಆ ಸಂದುಗಳಿಂದ ಹೊರಗೆ ಹೋಗುತ್ತದೆ. ಅನುಕೂಲಸ್ಥರು ಅದರಡಿ ಮರದ ಮುಚ್ಚಿಗೆ ಹೊಡೆಸುತ್ತಿದ್ದರು. ಮಧ್ಯಾಹ್ನದ ಕಾವು ಅಟ್ಟದಲ್ಲೇ ಉಳಿದು ಚಾವಡಿಗೆ ಇಳಿಯುತ್ತಿರಲಿಲ್ಲ. ಹಂಚು ತೆಳು, ಬೇಗ ಕಾಯುತ್ತದೆ ನಿಜ, ಸೂರ್ಯ ಮುಳುಗಿದ ಮೇಲೆ ಅಷ್ಟೇ ಬೇಗ ಆರುತ್ತದೆ. ಅದರಿಂದಲೇ ರಾತ್ರಿ ನಿದ್ದೆ ಬರುತ್ತಿತ್ತು.

ಆಮೇಲೆ ಕಾಂಕ್ರೀಟಿನ ತಾರಸಿ ಬಂತು. ಮೇಲೆ ಇನ್ನೊಂದು ಮಾಳಿಗೆ ಎಬ್ಬಿಸಬಹುದು, ಗೆದ್ದಲಿನ ಭಯವಿಲ್ಲ, ವರ್ಷ ವರ್ಷ ಹಂಚು ಕೈಯಾಡಿಸುವ ಕೆಲಸವಿಲ್ಲ. ಜನ ಅದನ್ನು ಆರಿಸಿದ್ದಕ್ಕೆ ಕಾರಣಗಳಿದ್ದವು. ಹಂಚಿನ ಗೂಡುಗಳೂ ರಾಶಿ ರಾಶಿ ಸೌದೆ ನುಂಗಿದವು ಎಂಬುದನ್ನು ಅಪ್ಪನ ಮಗನಾಗಿ ನಾನು ಮರೆಯಲಾರೆ. ಮಣ್ಣು, ಸೌದೆ ಎರಡೂ ತುಟ್ಟಿಯಾಗಿ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು.

ಆದರೆ ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಒಲೆ ಆರಿದ ಮೇಲೂ ಬಿಸಿಯಾಗಿರುವ ದೋಸೆ ಕಾವಲಿಯಂತೆ, ರಾತ್ರಿ ಕೋಣೆಯೊಳಕ್ಕೆ ಕಾವು ಬಿಡುತ್ತದೆ. ನಾವು ಕೂರಿಸುವ ಎ.ಸಿ. ಆ ಕಾವನ್ನು ಹೊರಗೆ ಎಸೆಯುವುದರಲ್ಲೇ ಅರ್ಧ ರಾತ್ರಿ ಕಳೆಯುತ್ತದೆ. 2020ರ ಜನವರಿಯಿಂದ ಹೊಸ ಎ.ಸಿ.ಗಳು 24 ಡಿಗ್ರಿಯಲ್ಲೇ ಶುರುವಾಗಬೇಕೆಂದು ಸರ್ಕಾರ ನಿಯಮ ಮಾಡಿತು. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ಕರೆಂಟು ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೋದ ಲೆಕ್ಕ. ಒಳ್ಳೆಯ ನಿಯಮ. ಆದರೂ ಸುಡುವ ತಾರಸಿಯ ಕೆಳಗೆ 24ರಲ್ಲಿ ಯಾರೂ ನಿಲ್ಲಿಸುವುದಿಲ್ಲ, 18ಕ್ಕೆ ಇಳಿಸುತ್ತಾರೆ.

ಅದಕ್ಕೇ ನಾನು ಗಿರಾಕಿಗಳಿಗೆ ಹೇಳುವುದು: ತಾರಸಿಯ ಮೇಲೆ ಗಾಳಿಯಾಡಲು ಜಾಗ ಬಿಟ್ಟು ಹಂಚಿನ ಮಾಡು ಹಾಕಿಸಿ, ಆಗದಿದ್ದರೆ ಬಿಳಿ ಬಣ್ಣವಾದರೂ ಬಳಿಸಿ, ಆಮೇಲೆ ಎಷ್ಟು ಟನ್ ಬೇಕೆಂದು ನೋಡೋಣ. ಶಾಲೆ, ಆಸ್ಪತ್ರೆ, ಬ್ಯಾಂಕುಗಳ ನಕ್ಷೆಗೆ ಸಹಿ ಹಾಕುವವರೂ ಮಾಡು ಹೇಗಿದೆ ಎಂಬ ಪ್ರಶ್ನೆಯನ್ನೇ ಮೊದಲು ಕೇಳಲಿ. ಎ.ಸಿ. ಕೆಟ್ಟರೆ ಬೇರೆ ತರಬಹುದು. ಮಾಡು ತಪ್ಪಾದರೆ ಮೊಮ್ಮಕ್ಕಳೂ ಅದರ ಬಿಲ್ಲು ಕಟ್ಟಬೇಕಾಗುತ್ತದೆ.