ದೆವ್ವದ ಬಾಯಲ್ಲಿ ನೆರೆಮನೆಯ ಮಾತು

ಮಕ್ಕಳು ನಡುರಾತ್ರಿ ಕನವರಿಸಿ ಎದ್ದು ಕುಳಿತರೆ ನಮ್ಮ ಮನೆಗಳಲ್ಲಿ ಹಿರಿಯರು ಕೇಳುವ ಮೊದಲ ಪ್ರಶ್ನೆ, 'ಯಾವ ಸಿನಿಮಾ ನೋಡಿದೆಯೋ?' ಎಂಬುದು. ಹೈದರಾಬಾದಿನಲ್ಲಿ ನೆಲೆನಿಂತ ಕನ್ನಡಿಗರಾದ ನಮಗೆ ಈ ದಿಗಿಲು ಹಿಂದಿ, ತೆಲುಗು, ಕನ್ನಡ ಮೂರೂ ಭಾಷೆಗಳಲ್ಲಿ ಬಂದಿದೆ. ಆ ಚಿತ್ರಗಳನ್ನು ಕಾಲಕ್ರಮದಲ್ಲಿ ನೆನೆದುಕೊಂಡರೆ, ಅಂಜಿಕೆಯನ್ನು ಬಿಡಿಸುವ ಕೆಲಸ ಯಾರ ಪಾಲಿಗೆ ಬಂತು ಎಂಬುದೇ ಒಂದು ಸ್ವಾರಸ್ಯದ ಚರಿತ್ರೆಯಾಗುತ್ತದೆ.

ನಮ್ಮ ಹಿರಿಯರನ್ನು ಹೆದರಿಸಿದ್ದು ಹಿಂದಿ ಚಿತ್ರಗಳು. ಕಮಾಲ್ ಅಮ್ರೋಹಿಯವರ 'ಮಹಲ್' (1949), ಅನಂತರ 'ಬೀಸ್ ಸಾಲ್ ಬಾದ್' (1962), 'ವೋ ಕೌನ್ ಥೀ' (1964). ಹಾಳು ಬಂಗಲೆ, ಬಿಳಿ ಸೀರೆ, ಎಲ್ಲಿಂದಲೋ ತೇಲಿಬರುವ ಹಾಡು ಇವೆಲ್ಲ ಅಲ್ಲಿದ್ದರೂ, ಕೊನೆಗೆ ದೆವ್ವವೆಂದುಕೊಂಡದ್ದು ಮನುಷ್ಯರದೇ ಕೈವಾಡವೆಂದು ತಿಳಿದುಬರುತ್ತಿತ್ತು. ಹೀಗಾಗಿ ಮನೆಗೆ ಹಿಂತಿರುಗುವಾಗ ಧೈರ್ಯವೂ ಸ್ವಲ್ಪ ಜೊತೆಗೆ ಬರುತ್ತಿತ್ತು.

1979ರಲ್ಲಿ ತೆರೆಕಂಡ ಕನ್ನಡದ 'ನಾ ನಿನ್ನ ಬಿಡಲಾರೆ' ಈ ಸಮಾಧಾನವನ್ನು ಕಿತ್ತುಕೊಂಡಿತು. ಅಲ್ಲಿನ ಕಾಮಿನಿ ನಿಜವಾಗಿಯೂ ಪ್ರೇತವೇ. ಅವಳು ಹಿಡಿದದ್ದು ಮನೆಯ ಯಜಮಾನನನ್ನು. ಅಷ್ಟು ಹೊತ್ತು ನಗುನಗುತ್ತಿದ್ದ ಅನಂತನಾಗ್ ಅವರ ಮುಖ ಒಮ್ಮೆಲೇ ಬದಲಾಗುವುದನ್ನು ಕಂಡ ಮಕ್ಕಳು ಎಷ್ಟೋ ದಿನ ದೀಪ ಆರಿಸಲು ಬಿಡಲಿಲ್ಲ. ಹೆಂಡತಿಯ ಪಾತ್ರದ ಲಕ್ಷ್ಮಿಯವರಿಗೆ ಉಳಿದ ಆಸರೆ ಮಂತ್ರಾಲಯದ ರಾಘವೇಂದ್ರ ಸ್ವಾಮಿಗಳೊಬ್ಬರೇ. ತುಂಗಭದ್ರೆಯ ದಡದ ಆ ಕ್ಷೇತ್ರ ಕರ್ನೂಲು ಜಿಲ್ಲೆಯಲ್ಲಿದ್ದು, ನಮಗೂ ನಮ್ಮ ತೆಲುಗು ನೆರೆಯವರಿಗೂ ಸಮಾನವಾಗಿ ಸಲ್ಲುವಂಥದು. ಚಿತ್ರದಲ್ಲಿ ಕಂಡ ಪರಿಹಾರ ನಮ್ಮ ದೇವರಕೋಣೆಯಲ್ಲೂ ಇತ್ತು. ದಿಂಬಿನ ಕೆಳಗೆ ಮಂತ್ರಾಕ್ಷತೆ ಇಟ್ಟರೆ ಮಗು ನಿದ್ದೆಹೋಗುತ್ತಿತ್ತು.

ಇದೇ ಕಾಲದ ಆಸುಪಾಸಿನಲ್ಲಿ ಯಂಡಮೂರಿ ವೀರೇಂದ್ರನಾಥರ 'ತುಳಸಿದಳಂ' ಕಾದಂಬರಿ ತೆಲುಗಿನಿಂದ ಕನ್ನಡಕ್ಕೂ ಬಂದಿತು. ಪುಟ್ಟ ಹುಡುಗಿಯೊಬ್ಬಳ ಮೇಲೆ ಮಾಟ ಮಾಡಿಸುವ ಕಥೆ ಅದು. 1985ರಲ್ಲಿ ಕನ್ನಡ ಚಲನಚಿತ್ರವೂ ಆಯಿತು. ಇಲ್ಲಿ ಒಂದು ಮಾತನ್ನು ಹೇಳಲೇಬೇಕು. ಬೀದರ್, ಕಲಬುರಗಿ, ಮೆದಕ್ ಈ ಮೂರೂ ಜಿಲ್ಲೆಗಳು 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಇದ್ದವು. ಭಾನಾಮತಿಯ ಭಯ ಈ ಸೀಮೆಯ ಹಳ್ಳಿಗಳಲ್ಲಿ ಕಥೆಯಾಗಿ ಉಳಿಯಲಿಲ್ಲ. ಮಾಟಗಾರರೆಂಬ ಸಂಶಯಕ್ಕೆ ಸಿಕ್ಕ ಬಡವರು ಪೆಟ್ಟು ತಿಂದರು, ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಪಟ್ಟಣದ ಮಗುವಿಗೆ ತೆರೆಯ ಮೇಲಿನ ಮಾಟ ಒಂದು ವಾರದ ದುಃಸ್ವಪ್ನವಾದರೆ, ಹಳ್ಳಿಯಲ್ಲಿ ಅದೇ ನಂಬಿಕೆ ಅಕ್ಕಪಕ್ಕದವರ ಮೇಲೆ ಕೈಯೆತ್ತುವಂತೆ ಮಾಡುತ್ತಿತ್ತು. ದೆವ್ವ ಬಿಡಿಸುವ ನೆಪದಲ್ಲಿ ಕಟ್ಟಿ ಹೊಡೆಯುವುದನ್ನು ಅಪರಾಧವೆಂದು ಸಾರುವ ಕಾನೂನು ಕರ್ನಾಟಕದಲ್ಲಿ ರೂಪುಗೊಂಡದ್ದು 2017ರಲ್ಲಿ.

1992ರ 'ರಾತ್ರಿ' ನಮ್ಮ ಊರಿನವರದೇ ಕೊಡುಗೆ. ಅಮೀರ್‌ಪೇಟೆಯಲ್ಲಿ ವೀಡಿಯೋ ಕ್ಯಾಸೆಟ್ಟಿನ ಅಂಗಡಿ ಇಟ್ಟಿದ್ದ ರಾಮಗೋಪಾಲ ವರ್ಮ ಇದನ್ನು ತೆಲುಗಿನಲ್ಲೂ, 'ರಾತ್' ಎಂಬ ಹೆಸರಿನಿಂದ ಹಿಂದಿಯಲ್ಲೂ ತೆಗೆದರು. ಹಾಳು ಬಂಗಲೆ ಇಲ್ಲಿಲ್ಲ. ಹೊಸ ಮನೆಗೆ ಬಂದ ಸಾಮಾನ್ಯ ಸಂಸಾರ, ಸತ್ತ ಒಂದು ಬೆಕ್ಕು, ಕಾಲೇಜಿಗೆ ಹೋಗುವ ಮಗಳು, ಅಷ್ಟೆ. ವರ್ಗವಾದಾಗಲೆಲ್ಲ ಸಾಮಾನು ಕಟ್ಟಿಕೊಂಡು ಬಾಡಿಗೆ ಮನೆ ಹುಡುಕುವ ನಮ್ಮಂಥವರಿಗೆ ಇದು ಬಹಳ ಹತ್ತಿರದ ಭಯ. ಈ ಮನೆಯಲ್ಲಿ ಹಿಂದೆ ಯಾರಿದ್ದರೋ ಎಂಬ ಪ್ರಶ್ನೆಗೆ ಉತ್ತರ ಹೇಳುವ ಅಜ್ಜ ಅಜ್ಜಿಯರು ಇಲ್ಲಿ ಇರುವುದಿಲ್ಲವಷ್ಟೆ. ಬಿಡಿಸಲು ಬಂದವನೂ ಓಂ ಪುರಿ ಅಭಿನಯಿಸಿದ ಒಬ್ಬ ಮಂತ್ರವಾದಿ.

ವೈದ್ಯರ ಸರದಿ ಬಂದದ್ದು 2004ರ 'ಆಪ್ತಮಿತ್ರ'ದಲ್ಲಿ. 1993ರ ಮಲಯಾಳಂ ಚಿತ್ರ 'ಮಣಿಚಿತ್ರತ್ತಾಳ್' ಇದಕ್ಕೆ ಮೂಲ. ನಾಗವಲ್ಲಿ ಎಂಬುದು ಗಂಗೆಯ ನೊಂದ ಮನಸ್ಸೇ ಕಟ್ಟಿಕೊಂಡ ರೂಪವೆಂದು ವಿಷ್ಣುವರ್ಧನ್ ಪಾತ್ರದ ಮನೋವೈದ್ಯ ಗುರುತಿಸುತ್ತಾನೆ. ಆಚಾರ್ಯರನ್ನೂ ಜೊತೆಗೆ ಸೇರಿಸಿಕೊಂಡು ಗುಣಪಡಿಸುತ್ತಾನೆ. ಗಂಗೆಯಾಗಿ ನಟಿಸಿದ ಸೌಂದರ್ಯ, ತೆಲುಗು ನಾಡು ಮನೆಮಗಳೆಂದು ಅಪ್ಪಿಕೊಂಡ ಕನ್ನಡತಿ. ಚಿತ್ರ ತೆರೆಕಾಣುವ ಮೊದಲೇ, ಆ ವರ್ಷದ ಏಪ್ರಿಲ್ 17ರಂದು, ಚುನಾವಣಾ ಪ್ರಚಾರಕ್ಕೆಂದು ಕರೀಂನಗರಕ್ಕೆ ಹೊರಟಿದ್ದ ಅವರು ಬೆಂಗಳೂರಿನಲ್ಲಿ ವಿಮಾನ ದುರಂತಕ್ಕೆ ತುತ್ತಾದರು. ಹೀಗಾಗಿ ಆ ಚಿತ್ರವನ್ನು ನೋಡಿದ ನಮ್ಮ ಮನೆಗಳಲ್ಲಿ ಅಂಜಿಕೆಯ ಜೊತೆಗೆ ದುಃಖವೂ ಇತ್ತು.

ಇನ್ನೊಂದು ವಿಶೇಷವನ್ನು ಓದುಗರು ಗಮನಿಸಬೇಕು. ಮಲಯಾಳಂ ಚಿತ್ರದ ನಾಗವಲ್ಲಿ ತಮಿಳು ಆಡುತ್ತಾಳೆ. ಕನ್ನಡದಲ್ಲಿ ಅವಳು ತೆಲುಗಿನವಳು; 2005ರ ತಮಿಳು 'ಚಂದ್ರಮುಖಿ'ಯಲ್ಲೂ ತೆಲುಗೇ. ಪ್ರತಿಯೊಂದು ನಾಡೂ ತನ್ನ ದೆವ್ವಕ್ಕೆ ನೆರೆಯವರ ನಾಲಗೆ ಕೊಟ್ಟಿದೆ! ಮನೆಯ ಸೊಸೆ ತನಗೆ ಬಾರದ ಭಾಷೆಯನ್ನು ಒಮ್ಮೆಲೇ ನಿರರ್ಗಳವಾಗಿ ಆಡಿದಾಗ ಬೆಂಗಳೂರಿನ ಪ್ರೇಕ್ಷಕರ ಮೈ ಜುಮ್ಮೆಂದಿತು. ಆದರೆ ಹೈದರಾಬಾದಿನ ನಮ್ಮ ಮಕ್ಕಳಿಗೆ ಅದು ಹಾಲಿನವನ, ಮೇಷ್ಟರ, ಆಟದ ಗೆಳೆಯರ ಭಾಷೆ. ನಾಗವಲ್ಲಿಯ ಮಾತು ಅವರಿಗೆ ಪೂರ್ತಿ ಅರ್ಥವಾಯಿತು. ಅರ್ಥವಾದ ಮೇಲೆ, ಪ್ರಿಯಕರನನ್ನು ಕಳೆದುಕೊಂಡು ತಾನೂ ಕೊಲೆಯಾದ ಒಬ್ಬ ನರ್ತಕಿಯ ಸಂಕಟ ಅದರಲ್ಲಿ ಕೇಳಿಸಿತು.

ಪರಭಾಷೆಯ ನಾಡಿನಲ್ಲಿ ಬಾಳುವ ನಮಗೆ ಇದು ಸಣ್ಣ ಲಾಭವೇನಲ್ಲ. ನೆರೆಯವರನ್ನು ಕಂಡು ಸಂಶಯಪಡುವ ಅಭ್ಯಾಸದಿಂದಲೇ ಹಳ್ಳಿಗಳಲ್ಲಿ ಭಾನಾಮತಿಯ ಹೆಸರಿನಲ್ಲಿ ಕೋಲು ಎತ್ತಿದ್ದು. ಮಕ್ಕಳು ಸಿನಿಮಾ ನೋಡಿ ಬೆದರಿದರೆ ಗದರಿಸುವುದು ಬೇಡ. ಪಕ್ಕದಲ್ಲಿ ಕುಳಿತು, ಆ ಕಥೆಯನ್ನು ಅವರ ಬಾಯಿಂದಲೇ ಕನ್ನಡದಲ್ಲಿ ಹೇಳಿಸೋಣ. ಕಥೆ ಮುಗಿಯುವ ಹೊತ್ತಿಗೆ ದಿಗಿಲು ಅರ್ಧ ಇಳಿದಿರುತ್ತದೆ. ನಾಲ್ಕು ಕನ್ನಡ ಮಾತೂ ನಾಲಗೆಯ ಮೇಲೆ ಉಳಿದಿರುತ್ತವೆ.